ಫೋಟೋದಲ್ಲಿ ಉಳಿದ ಕೈ

ನನ್ನ ತಮ್ಮನ ವಾಟ್ಸಾಪ್ ಫೋಟೋದಲ್ಲಿ ಮೊದಲು ನಾಲ್ಕು ಹುಡುಗರಿದ್ದರು. ಶಾಲೆಯ ಕೊನೇ ದಿನ ತೆಗೆದ ಫೋಟೋ ಅದು. ನಾಲ್ವರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದರು. ಒಂದು ದಿನ ನೋಡಿದರೆ ಅದೇ ಫೋಟೋದಲ್ಲಿ ಮೂವರೇ ಇದ್ದರು. ಎಡತುದಿಯಲ್ಲಿದ್ದವನನ್ನು ಕತ್ತರಿಸಿ ಹಾಕಿದ್ದ. ಆದರೆ ಅವನ ಕೈ ಪೂರ್ತಿ ಹೋಗಿರಲಿಲ್ಲ. ತಮ್ಮನ ಹೆಗಲ ಮೇಲೆ ನಾಲ್ಕು ಬೆರಳು ಹಾಗೇ ಉಳಿದಿದ್ದವು.

ಏನೋ ಜಗಳ ಆಡಿಕೊಂಡಿರಬೇಕು ಅಂದುಕೊಂಡು ಸುಮ್ಮನಾದೆ. ಆ ಹುಡುಗ ನಮ್ಮ ಧರ್ಮದವನಲ್ಲ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ. ಹತ್ತು ವರ್ಷ ನಮ್ಮ ಮನೆಯಲ್ಲಿ ಓಡಾಡಿಕೊಂಡಿದ್ದ ಹುಡುಗ. ನಮ್ಮಪ್ಪ ತೀರಿಕೊಂಡಾಗ ಮೂರು ರಾತ್ರಿ ತಮ್ಮನ ಪಕ್ಕದಲ್ಲೇ ಮಲಗಿದ್ದವನು.

ಇದೆಲ್ಲ ನಡೆದು ಈಗ ಆರು ವರ್ಷ. ತಮ್ಮನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ನಮ್ಮ ಧರ್ಮ ಯಾವುದು ಅಂತಲೂ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ "ಸದ್ಯ, ನಮ್ಮದಲ್ಲ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಇನ್ನರ್ಧ ಜನಕ್ಕೆ ನನ್ನ ಮೇಲೆ ಸಿಟ್ಟು ಬರುತ್ತದೆ. ಇಬ್ಬರೂ ಮುಂದಕ್ಕೆ ಓದುವುದಿಲ್ಲ.

ಇದು ಒಂದು ಧರ್ಮದ ರೋಗ ಅಂತ ನಂಬಿದವರಿಗೆ ಒಂದು ಮಾತು. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಸರೀನ್ ಅನ್ನುವ ವಿಷ ಬಿಟ್ಟವರು ಓಮ್ ಶಿನ್ರಿಕ್ಯೋ ಅನ್ನುವ ಪಂಥದವರು. 1984ರಲ್ಲಿ ಅದು ಶುರುವಾಗಿದ್ದು ಒಂದು ಸಣ್ಣ ಯೋಗ ತರಗತಿಯಾಗಿ. ಅವತ್ತು ಛತ್ರಿಯ ತುದಿಯಿಂದ ವಿಷದ ಚೀಲ ಚುಚ್ಚಿದ ಐವರಲ್ಲಿ ಒಬ್ಬ ಹೃದಯದ ಆಪರೇಷನ್ ಮಾಡುವ ಡಾಕ್ಟರ್. ಅದೇ ವರ್ಷ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ರಾಬಿನ್ ಅವರನ್ನು ಕೊಂದವನು 25 ವರ್ಷದ ಕಾನೂನು ವಿದ್ಯಾರ್ಥಿ, ದೇವರೇ ತನ್ನಿಂದ ಇದನ್ನು ಮಾಡಿಸಿದ ಅಂತ ನಂಬಿದ್ದವನು. 1948ರ ಜನವರಿ 30ರಂದು ಗಾಂಧೀಜಿಯ ಮುಂದೆ ಪಿಸ್ತೂಲು ಹಿಡಿದು ನಿಂತವನೂ ತನ್ನ ಧರ್ಮ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದ. ಮ್ಯಾನ್ಮಾರ್‌ನಲ್ಲಿ ಭಿಕ್ಷುಗಳೇ ವೇದಿಕೆ ಹತ್ತಿ ದ್ವೇಷ ಬಿತ್ತಿದರು. ಸಿರಿಯಾ, ಇರಾಕಿನಲ್ಲಿ ಐಸಿಸ್ ಕಟ್ಟಿದ ರಾಜ್ಯಕ್ಕೆ 80 ದೇಶಗಳಿಂದ 41,490 ಮಂದಿ ಹೋಗಿ ಸೇರಿದ್ದರು ಅಂತ ಲಂಡನ್ನಿನ ಸಂಶೋಧಕರು 2018ರಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಮಕ್ಕಳಿದ್ದರು. ಹಾಗಾಗಿ ಧರ್ಮದ ಹೆಸರು ಬಿಡಿ. ನಾನು ಹೇಳಬೇಕಾಗಿರುವುದು ಒಬ್ಬ ಹುಡುಗನ ಹತ್ತಿರ ಯಾರು ಮೊದಲು ಹೋಗಿ ಕೂರುತ್ತಾರೆ ಅನ್ನುವುದರ ಬಗ್ಗೆ.

ನಾನು ಅವನ ಅಕ್ಕ. ಎಂಟು ವರ್ಷ ದೊಡ್ಡವಳು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತಮ್ಮನಿಗೆ ಆಗ 19. ಅಪ್ಪ ಹೋಗಿ ಒಂದು ವರ್ಷ ಆಗಿತ್ತು. ಅವನು ಹಾಸ್ಟೆಲಿನಲ್ಲಿದ್ದ. ಮನೆಯ ಖರ್ಚು, ಸಾಲ, ಅಮ್ಮನ ಆರೋಗ್ಯ ಎಲ್ಲ ನನ್ನ ತಲೆ ಮೇಲಿತ್ತು. ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದೆ. "ಫೀಸ್ ಕಟ್ಟಿದ್ಯಾ? ಓದ್ತಾ ಇದ್ಯಾ?" ಅಷ್ಟೇ ನನ್ನ ಮಾತು. ಅವನು "ಹೂಂ" ಅನ್ನುತ್ತಿದ್ದ. ನಾನು ಇಡುತ್ತಿದ್ದೆ.

ಆ ಒಂದು ವರ್ಷದಲ್ಲಿ ಅವನಿಗೊಬ್ಬ ಅಣ್ಣ ಸಿಕ್ಕಿದ್ದ.

ಸಿಕ್ಕಿದ್ದು ರಕ್ತದಾನ ಶಿಬಿರದಲ್ಲಿ. ಮೂವತ್ತರ ಒಳಗಿನ ವಯಸ್ಸು, ಮೆತ್ತಗೆ ಮಾತಾಡುವವನು, ಎಲ್ಲರ ಹೆಸರು ನೆನಪಿಟ್ಟುಕೊಳ್ಳುವವನು. ರಕ್ತ ಕೊಟ್ಟು ತಲೆ ಸುತ್ತಿ ಕೂತಿದ್ದ ತಮ್ಮನ ಪಕ್ಕ ಅರ್ಧ ಗಂಟೆ ಕೂತಿದ್ದನಂತೆ. ಅವತ್ತು ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. "ಈಗ ಹೇಗಿದ್ದೀಯ ತಮ್ಮಾ?" ಮಾರನೇ ದಿನವೂ ಬಂತು. ಆಮೇಲೆ ದಿನಾ ಹನ್ನೊಂದಕ್ಕೆ. ಮೊದಲ ಮೂರು ತಿಂಗಳು ಧರ್ಮದ ಒಂದು ಮಾತೂ ಇಲ್ಲ. ನಾನು ಆಮೇಲೆ ಆ ಮೆಸೇಜುಗಳನ್ನೆಲ್ಲ ಓದಿದ್ದೇನೆ. ಅಪ್ಪನ ಬಗ್ಗೆ ಕೇಳಿದ್ದಾನೆ. ನಿದ್ದೆ ಬರ್ತಾ ಇದ್ಯಾ ಅಂತ ಕೇಳಿದ್ದಾನೆ. ತಮ್ಮ ಎರಡು ವಿಷಯದಲ್ಲಿ ಫೇಲಾಗಿದ್ದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಓದುತ್ತಾ ಓದುತ್ತಾ ನನಗೆ ಅಳು ಬಂತು. ಅಷ್ಟು ಒಳ್ಳೆಯ ಮೆಸೇಜುಗಳವು. ಇದರಲ್ಲಿ ಒಂದಾದರೂ ನಾನು ಕಳಿಸಿದ್ದರೆ ಅನ್ನಿಸಿತು.

ನಾಲ್ಕನೇ ತಿಂಗಳಿಂದ ವಿಡಿಯೋ ಬರತೊಡಗಿದವು. ಎಲ್ಲೋ ದೂರದ ಊರಲ್ಲಿ "ನಮ್ಮವರಿಗೆ" ಆದ ಅನ್ಯಾಯದ ವಿಡಿಯೋಗಳು. ಕೆಲವು ನಿಜದವು, ಕೆಲವು ಹಳೆಯವು, ಕೆಲವು ಬೇರೆ ಯಾವುದೋ ದೇಶದವು. ಕೆಳಗೆ ಒಂದೇ ಸಾಲು: "ನೋಡಿ ಸುಮ್ನೆ ಇರೋಕೆ ಆಗುತ್ತಾ?" ಆಮೇಲೆ ಒಂದು ಸಣ್ಣ ಗ್ರೂಪಿಗೆ ಸೇರಿಸಿದರು. ಅದರಲ್ಲಿ ಒಂಬತ್ತೇ ಜನ. ಆಯ್ದವರು ಮಾತ್ರ ಅಂತ ಹೇಳಿದರು. ಮನೆಯವರಿಗೆ ಅರ್ಥ ಆಗಲ್ಲ, ಅವರಿಗೆ ಹೇಳಿ ನೋವು ಕೊಡಬೇಡಿ ಅಂದರು. ಚಿಕ್ಕ ಚಿಕ್ಕ ಕೆಲಸ ಕೊಟ್ಟರು. ಇದನ್ನು ಹತ್ತು ಜನಕ್ಕೆ ಕಳಿಸು. ನಿನ್ನ ಹೆಸರಲ್ಲಿ ಒಂದು ಸಿಮ್ ತಗೋ. ಒಂದೊಂದು ಕೆಲಸ ಮುಗಿದಾಗಲೂ ಹೊಗಳಿಕೆ. ಫೇಲಾದ ಹುಡುಗನಿಗೆ ವರ್ಷದ ಮೇಲೆ ಯಾರೋ ಶಹಭಾಸ್ ಅಂದಿದ್ದರು.

ಫೋಟೋದಿಂದ ಗೆಳೆಯ ಹೋಗಿದ್ದು ಆ ಸಮಯದಲ್ಲೇ.

ರಜೆಗೆ ಬಂದಾಗ ತಮ್ಮ ಬೇರೆ ಆಗಿದ್ದ. ಹಾಡು ಕೇಳುವುದು ಬಿಟ್ಟಿದ್ದ. ಮಾತಿನಲ್ಲಿ "ನಾವು", "ಅವರು" ಜಾಸ್ತಿ ಆಗಿತ್ತು. ಅಮ್ಮ ಟಿವಿ ಹಾಕಿದರೆ ಎದ್ದು ಹೋಗುತ್ತಿದ್ದ. ಒಂದು ಸಂಜೆ ಪಕ್ಕದ ಮನೆಯವರ ಬಗ್ಗೆ ಅವನು ಆಡಿದ ಒಂದು ಮಾತು ಕೇಳಿ ಅಮ್ಮ ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು. ಆ ಮಾತು ನಮ್ಮ ಮನೆಯದ್ದಲ್ಲ. ಅವನ ಬಾಯಿಂದ ಬಂದ ಆ ವಾಕ್ಯ ಎಲ್ಲೋ ಬಾಯಿಪಾಠ ಮಾಡಿದ ಹಾಗಿತ್ತು.

ಆಗ ನಾನು ಮಾಡಿದ್ದೆಲ್ಲ ತಪ್ಪು. ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ. ರಾತ್ರಿ ಅವನು ಮಲಗಿದ ಮೇಲೆ ಫೋನ್ ಎತ್ತಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಯಾರೋ ಅವನಿಗೊಂದು ಹಳೇ ಫೋನ್ ತಂದುಕೊಟ್ಟಿದ್ದರು. ಮೂರು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ನಾನು ವಾದಕ್ಕೆ ಕೂತೆ. ಆ ವಿಡಿಯೋ ಸುಳ್ಳು ಅಂತ ತೋರಿಸಿದೆ. ಇತಿಹಾಸ ಹೇಳಿದೆ. ಟೀಚರ್ ಅಲ್ವಾ, ತಪ್ಪು ಕಂಡರೆ ತಿದ್ದುವುದೊಂದೇ ನನಗೆ ಬರುತ್ತಿದ್ದದ್ದು. ಅವನು ತಣ್ಣಗೆ ಕೇಳಿಸಿಕೊಂಡು, "ನೀನು ಹೀಗೇ ಹೇಳ್ತೀಯ ಅಂತ ಅಣ್ಣ ಮೊದಲೇ ಹೇಳಿದ್ರು" ಅಂದ. ನಾನು ಬಾಯಿ ಬಿಡುವ ಮೊದಲೇ ನನ್ನ ಮಾತಿಗೆ ಅವರು ಉತ್ತರ ಕೊಟ್ಟಾಗಿತ್ತು.

ನಮ್ಮ ಹತ್ತಿರದವರೊಬ್ಬರು, "ನಾಲ್ಕು ಬಿಗಿದು ಸ್ಟೇಷನ್ನಿಗೆ ಒಪ್ಪಿಸು, ಬುದ್ಧಿ ಬರುತ್ತೆ" ಅಂದರು. ಅವರ ಭಯವೂ ಪ್ರೀತಿಯಿಂದಲೇ ಬಂದದ್ದು. ಆದರೆ ಆ ರಾತ್ರಿಗಳಲ್ಲಿ ನಾನು ನಿದ್ದೆಗೆಟ್ಟು ಓದುತ್ತಿದ್ದೆ. ಓದಿದ್ದು ಬೇರೆಯೇ ಹೇಳುತ್ತಿತ್ತು.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಆಫ್ರಿಕಾದಲ್ಲಿ ಇಂಥ ಗುಂಪುಗಳಿಗೆ ತಾವಾಗಿಯೇ ಸೇರಿದ್ದ 495 ಮಂದಿಯನ್ನು ಮಾತಾಡಿಸಿ 2017ರಲ್ಲಿ ಒಂದು ವರದಿ ತಂದರು. ಕೊನೆಗೆ ನಿಮ್ಮನ್ನು ಅತ್ತ ತಳ್ಳಿದ್ದು ಏನು ಅಂತ ಕೇಳಿದಾಗ ಶೇಕಡಾ 71 ಮಂದಿ ಸರ್ಕಾರದ ಕಡೆಯಿಂದಾದ ಪೆಟ್ಟಿನ ಮಾತು ಹೇಳಿದರು. ಮನೆಯವರನ್ನೋ ಗೆಳೆಯನನ್ನೋ ಹಿಡಿದುಕೊಂಡು ಹೋಗಿದ್ದರು, ಇಲ್ಲವೇ ಕೊಂದಿದ್ದರು. ಅದೇ ವರದಿಯಲ್ಲಿ ಶೇಕಡಾ 57 ಮಂದಿ ತಮ್ಮ ಧರ್ಮಗ್ರಂಥ ತಮಗೆ ಅಷ್ಟಾಗಿ ಗೊತ್ತಿಲ್ಲ ಅಂತ ಒಪ್ಪಿಕೊಂಡಿದ್ದರು. ಐಸಿಸ್ ತನ್ನಲ್ಲಿಗೆ ಬಂದವರಿಂದ ಅರ್ಜಿ ತುಂಬಿಸಿಕೊಳ್ಳುತ್ತಿತ್ತು. 2016ರಲ್ಲಿ ಆ ಸಾವಿರಾರು ಅರ್ಜಿಗಳು ಹೊರಗೆ ಬಂದವು. ಧರ್ಮದ ಜ್ಞಾನ ಎಷ್ಟು ಅನ್ನುವ ಕಡೆ ಶೇಕಡಾ 70ರಷ್ಟು ಮಂದಿ "ಅಲ್ಪಸ್ವಲ್ಪ" ಅಂತ ಬರೆದಿದ್ದರು. ಧರ್ಮಕ್ಕಾಗಿ ಸಾಯಲು ಹೊರಟವರಿಗೆ ಧರ್ಮವೇ ಗೊತ್ತಿರಲಿಲ್ಲ.

ಹಾಗಾದರೆ ಯಾಕೆ ಹೋದರು? ಮಾರ್ಕ್ ಸೇಜ್‌ಮನ್ ಅನ್ನುವ ಮನೋವೈದ್ಯರು 2004ರಲ್ಲಿ ಅಂಥ 172 ಜನರ ಬದುಕನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಹೆಚ್ಚಿನವರು ಹೋಗಿದ್ದು ಗೆಳೆಯರ ಜೊತೆ. ಮಿಕ್ಕ ಕೆಲವರು ನೆಂಟರ ಜೊತೆ. ಸಿದ್ಧಾಂತ ಆಮೇಲೆ ಬಂದದ್ದು. ಇದನ್ನು ಓದಿದ ರಾತ್ರಿ ನಾನು ಎದ್ದು ಕೂತೆ. ನಾನು ಸಿದ್ಧಾಂತದ ಜೊತೆ ಜಗಳ ಆಡುತ್ತಿದ್ದೆ. ನನ್ನ ತಮ್ಮನನ್ನು ಹಿಡಿದುಕೊಂಡಿದ್ದದ್ದು ರಾತ್ರಿ ಹನ್ನೊಂದರ ಮೆಸೇಜು.

ಯಾರಿಗೆ ಹೇಳುವುದು ಅನ್ನುವುದೇ ದೊಡ್ಡ ಕಷ್ಟ. 2015ರ ಫೆಬ್ರವರಿಯಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನಿಂದ ಒಂದೇ ಶಾಲೆಯ ಮೂವರು ಹುಡುಗಿಯರು ಐಸಿಸ್ ಸೇರಲು ಸಿರಿಯಾಗೆ ಹೋಗಿಬಿಟ್ಟರು. ಇಬ್ಬರಿಗೆ 15, ಒಬ್ಬಳಿಗೆ 16. ಅವರ ಗೆಳತಿಯೊಬ್ಬಳು ಎರಡು ತಿಂಗಳ ಹಿಂದೆಯೇ ಹೋಗಿದ್ದಳು. ಪೊಲೀಸರು ಈ ಹುಡುಗಿಯರನ್ನು ವಿಚಾರಿಸಬೇಕು ಅಂತ ಅಪ್ಪ ಅಮ್ಮಂದಿರಿಗೆ ಪತ್ರ ಬರೆದರು. ಆ ಪತ್ರವನ್ನು ಹುಡುಗಿಯರ ಕೈಗೇ ಕೊಟ್ಟರು. ಅವರು ಅದನ್ನು ಪುಸ್ತಕಗಳ ನಡುವೆ ಬಚ್ಚಿಟ್ಟರು. ಮಕ್ಕಳು ಹೋದ ಮೇಲೆ ಕೋಣೆ ಹುಡುಕಿದಾಗಲೇ ಮನೆಯವರಿಗೆ ಪತ್ರ ಸಿಕ್ಕಿದ್ದು. ಆ ತಾಯಂದಿರನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಚುರ್ ಅನ್ನುತ್ತದೆ. ಒಂದು ಕಾಗದ ಕೈ ತಪ್ಪಿತು, ಅಷ್ಟೇ.

ಬರ್ಮಿಂಗ್‌ಹ್ಯಾಮಿನ ಇನ್ನೊಬ್ಬ ತಾಯಿ ಇದ್ದಾರೆ. 2013ರಲ್ಲಿ ಮಗ ಸಿರಿಯಾದ ಯುದ್ಧಕ್ಕೆ ಹೊರಟಾಗ ಬರೆದಿಟ್ಟು ಹೋದ ಪತ್ರ ನೋಡಿ ತಾವೇ ಪೊಲೀಸರಿಗೆ ಹೇಳಿದರು. ಮಗನನ್ನು ಉಳಿಸಿಕೊಡುತ್ತಾರೆ ಅಂತ ನಂಬಿದ್ದರು. ಮಗ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲೇ ಹಿಡಿದರು. 12 ವರ್ಷ 8 ತಿಂಗಳ ಶಿಕ್ಷೆ ಆಯಿತು. ತಪ್ಪಿಗೆ ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ ತಾಯಿ ಆಮೇಲೆ, ಇನ್ನು ಯಾವ ತಾಯಿ ಬಂದು ಹೇಳುತ್ತಾಳೆ ಅಂತ ನೊಂದುಕೊಂಡರು. ಆ ಪ್ರಶ್ನೆಗೆ ಉತ್ತರ ಬೇಕಲ್ವಾ? ಹೆದರಿದ ಮನೆಯವರು ಮೊದಲು ಫೋನ್ ಮಾಡುವ ಜಾಗ ಪೊಲೀಸ್ ಸ್ಟೇಷನ್ ಒಂದೇ ಆಗಿದ್ದರೆ ತುಂಬಾ ಜನ ಫೋನೇ ಮಾಡುವುದಿಲ್ಲ. ಬರ್ಲಿನ್ನಿನಲ್ಲಿ ಹಯಾತ್ ಅಂತ ಒಂದು ಸಹಾಯವಾಣಿ ಇದೆ. ಅಲ್ಲಿ ಮಾತಾಡುವುದು ಮುಖ್ಯವಾಗಿ ಮನೆಯವರ ಜೊತೆ. ಅಪ್ಪ, ಅಮ್ಮ, ಅಕ್ಕ, ಗೆಳೆಯ. ಮಗ ಇವತ್ತು ಹೀಗಂದ, ಏನು ಉತ್ತರ ಕೊಡಲಿ ಅಂತ ಕೇಳಬಹುದು. ಹುಡುಗ ಇನ್ನೂ ಯಾವ ತಪ್ಪೂ ಮಾಡಿಲ್ಲ ಅನ್ನುವ ಹೊತ್ತಿನಲ್ಲೇ ಇಂಥ ಜಾಗ ಬೇಕು.

ನನಗೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಕೌನ್ಸೆಲರ್. ಮೊದಲ ಭೇಟಿಯಲ್ಲಿ ಒಂದೂವರೆ ಗಂಟೆ ನಾನೇ ಮಾತಾಡಿದೆ. ಆ ಅಣ್ಣ, ಆ ಗ್ರೂಪು, ಆ ವಿಡಿಯೋ. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ. "ನಿಮ್ಮ ತಮ್ಮ ತಾನಾಗಿ ನಿಮ್ಮ ಹತ್ರ ಕೊನೇ ಸಲ ಮಾತಾಡಿದ್ದು ಯಾವಾಗ? ಏನು ಹೇಳಿದ್ರು?" ನನಗೆ ನೆನಪಾಗಲಿಲ್ಲ. ಎಷ್ಟು ಹೊತ್ತು ಯೋಚಿಸಿದರೂ ನೆನಪಾಗಲಿಲ್ಲ.

"ದಿನಾ ಫೋನ್ ಮಾಡಿ" ಅಂದರು. "ಧರ್ಮದ ಸುದ್ದಿ ಎತ್ತಬೇಡಿ. ಅವರು ಎತ್ತಿದರೆ ಕೇಳಿಸಿಕೊಳ್ಳಿ, ಯಾಕೆ ಹಾಗನ್ನಿಸುತ್ತೆ ಅಂತ ಕೇಳಿ. ಒಪ್ಪಬೇಡಿ, ಜಗಳಾನೂ ಆಡಬೇಡಿ. ಫೋನ್ ಇಡೋವಾಗ ನಾಳೆ ಮಾಡ್ತೀನಿ ಅಂತ ಹೇಳಿ, ಮಾಡಿ."

ನಾನು ಹತ್ತೂವರೆಗೆ ಮಾಡತೊಡಗಿದೆ. ಹನ್ನೊಂದಕ್ಕೆ ಅರ್ಧ ಗಂಟೆ ಮುಂಚೆ. ಮೊದಲ ದಿನ 40 ಸೆಕೆಂಡು. ಎರಡನೇ ದಿನ 35. ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ, ಜ್ವರ ಬಂದವರ ಟೆಂಪರೇಚರ್ ಬರೆದಿಡುವ ಹಾಗೆ. ಏನು ಮಾತಾಡುವುದು ಅಂತ ತಿಳಿಯದೆ ಶಾಲೆಯ ಕಥೆ ಹೇಳುತ್ತಿದ್ದೆ. ಲ್ಯಾಬಿನಲ್ಲಿ ಒಂದು ಮಗು ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋದದ್ದು, ಆಮೇಲೆ ತಾನೇ ಅಳುತ್ತಾ ವಾಪಸ್ ತಂದುಕೊಟ್ಟದ್ದು. ಒಂದು ದಿನ ಅವನು ನಕ್ಕ. ಅವತ್ತು 2 ನಿಮಿಷ 10 ಸೆಕೆಂಡು. ಹತ್ತೊಂಬತ್ತನೇ ದಿನ, ನಾನು ಕೇಳದೆಯೇ, "ಅಕ್ಕಾ, ನಾನು ಎರಡು ಸಬ್ಜೆಕ್ಟ್ ಫೇಲ್ ಆಗಿದೀನಿ" ಅಂದ. ಗೊತ್ತಿದ್ದರೂ ಮೊದಲ ಸಲ ಕೇಳಿದವಳ ಹಾಗೆ ಕೇಳಿಸಿಕೊಂಡೆ. ಅಪ್ಪ ಹೋದ ಮೇಲೆ ಕ್ಲಾಸಿನಲ್ಲಿ ಕೂತರೆ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ ಅಂದ. ನೀನು ದುಡ್ಡು ಕಟ್ಟಿ ಓದಿಸ್ತಾ ಇದೀಯ, ಹೇಗೆ ಹೇಳಲಿ ಅಂದ. 26 ನಿಮಿಷ ಮಾತಾಡಿದ.

ಡೆನ್ಮಾರ್ಕಿನ ಆರ್ಹುಸ್ ಊರಿನ ಬಗ್ಗೆ ಓದಿದ್ದು ಆ ಸಮಯದಲ್ಲಿ. 2012, 13ರಲ್ಲಿ ಅಲ್ಲಿಂದ ಸುಮಾರು 30 ಮಂದಿ ಸಿರಿಯಾಗೆ ಹೋಗಿದ್ದರು. ಅಲ್ಲಿನ ಪೊಲೀಸರು, ನಗರಸಭೆ, ಶಾಲೆಗಳು ಸೇರಿ ಬೇರೆ ದಾರಿ ಹಿಡಿದರು. ಹೊರಡುವ ಯೋಚನೆಯಲ್ಲಿದ್ದ ಹುಡುಗರನ್ನೂ ಅವರ ಮನೆಯವರನ್ನೂ ಕರೆದು ಕೂರಿಸಿ ಮಾತಾಡಿದರು. ಒಬ್ಬೊಬ್ಬ ಹುಡುಗನ ಜೊತೆಗೂ ಒಬ್ಬ ಮಾರ್ಗದರ್ಶಕನನ್ನು ಕೊಟ್ಟರು. ಕೊಲೆ ಸುಲಿಗೆ ಮಾಡದೆ ವಾಪಸ್ ಬಂದವರಿಗೆ ಓದು, ಕೆಲಸ, ಮನೆ ಹುಡುಕಲು ನೆರವಾದರು. ಹೆಚ್ಚು ಹುಡುಗರು ಹೋಗಿ ಬರುತ್ತಿದ್ದ ಮಸೀದಿಯ ಬಾಗಿಲಿಗೆ ಬೀಗ ಹಾಕಲಿಲ್ಲ, ಅಲ್ಲಿಗೇ ಹೋಗಿ ಮಾತಿಗೆ ಕೂತರು. 2014ರಲ್ಲಿ ಆ ಊರಿಂದ ಹೊಸದಾಗಿ ಹೋದವರು ಒಬ್ಬರೋ ಇಬ್ಬರೋ. ಇದು ಮೆದುತನ ಅಂತ ಬೈದವರೂ ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸಿಟ್ಟು ನುಂಗಿಕೊಂಡು ದಿನಾ ಒಬ್ಬ ಹುಡುಗನ ಮುಂದೆ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ತಮ್ಮನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ನಮ್ಮ ಧರ್ಮಗ್ರಂಥದ ಸಾಲುಗಳನ್ನು ಮುದ್ದಾದ ಅಕ್ಷರದಲ್ಲಿ ಬರೆದುಕೊಂಡಿದ್ದ. ಎಲ್ಲವೂ ಯುದ್ಧದ ಸಾಲು, ಶತ್ರುವಿನ ಸಾಲು. ನಮ್ಮಮ್ಮನಿಗೆ ಗೊತ್ತಿದ್ದ ಒಬ್ಬ ಹಿರಿಯರ ಹತ್ತಿರ ಅವನನ್ನು ಕರೆದುಕೊಂಡು ಹೋದೆವು. ಜೀವನವಿಡೀ ಆ ಗ್ರಂಥ ಓದಿ ಪಾಠ ಹೇಳಿದವರು. ಈ ವಿಷಯದಲ್ಲಿ ನನ್ನಂಥವಳ ಮಾತು ನಡೆಯುವುದಿಲ್ಲ ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಸಿಂಗಪುರದಲ್ಲಿ 2003ರಿಂದ ಧರ್ಮ ಬಲ್ಲ ಗುರುಗಳೇ ಒಂದು ತಂಡ ಕಟ್ಟಿಕೊಂಡು, ಉಗ್ರರ ಗುಂಪಿಗೆ ಸೇರಿ ಸಿಕ್ಕಿಬಿದ್ದವರ ಜೊತೆ ಕೂತು ಅವರದೇ ಧರ್ಮಗ್ರಂಥವನ್ನು ಮತ್ತೆ ಓದುತ್ತಾ ಬಂದಿದ್ದಾರೆ. ಹೊರಗಿನವರು ಹೇಳಿದರೆ ಅದು ನಿಂದೆ ಆಗುತ್ತದೆ, ಒಳಗಿನವರು ಹೇಳಿದರೆ ಪಾಠ ಆಗುತ್ತದೆ.

ಹಿರಿಯರು ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನಕ್ಕೆ ಓದಿದರು. "ಅಕ್ಷರ ಚೆನ್ನಾಗಿದೆ" ಅಂದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಯಾರು ಯಾರಿಗೆ ಹೇಳಿದ್ದಪ್ಪಾ?" ಅಂತ ಕೇಳಿದರು. ತಮ್ಮನಿಗೆ ಗೊತ್ತಿರಲಿಲ್ಲ. "ಇದರ ಹಿಂದಿನ ಸಾಲು ಏನು?" ಗೊತ್ತಿರಲಿಲ್ಲ. "ಮುಂದಿನದ್ದು?" ಅದೂ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ಗ್ರಂಥ ತೆರೆದು ಹಿಂದಿನದ್ದು, ಮುಂದಿನದ್ದು ಎರಡನ್ನೂ ಅವನ ಕೈಯಲ್ಲೇ ಓದಿಸಿದರು. ನೋಟ್‌ಬುಕ್ಕಿನಲ್ಲಿದ್ದದ್ದು ಅರ್ಧ ಸಾಲು. ಮಿಕ್ಕರ್ಧದಲ್ಲಿ, ಅವರು ನಿಲ್ಲಿಸಿದರೆ ನೀನೂ ನಿಲ್ಲಿಸು ಅನ್ನುವ ಅರ್ಥ ಇತ್ತು. "ನಾನು ಇದನ್ನು ಐವತ್ತು ವರ್ಷದಿಂದ ಓದ್ತಾ ಇದೀನಿ. ಇನ್ನೂ ಪೂರ್ತಿ ಅರ್ಥ ಆಗಿಲ್ಲ. ನಿನಗೆ ಯಾರು ಕಳಿಸಿದರೋ ಅವರ ಹತ್ರಾನೂ ಒಂದ್ಸಲ ಕೇಳು" ಅಂದರು.

ತಮ್ಮ ಕೇಳಿದ. ರಾತ್ರಿ ಹನ್ನೊಂದಕ್ಕೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ. ಅಣ್ಣನ ಉತ್ತರ ಎರಡು ದಿನ ಬರಲಿಲ್ಲ. ಬಂದಾಗ, "ಪ್ರಶ್ನೆ ಕೇಳುವವರು ನಮಗೆ ಬೇಕಾಗಿಲ್ಲ. ನಿನಗೆ ಯಾರೋ ತಲೆ ಕೆಡಿಸಿದ್ದಾರೆ" ಅಂತ ಇತ್ತು. ಅಷ್ಟು ತಿಂಗಳಲ್ಲಿ ಆ ಮನುಷ್ಯ ಒರಟಾಗಿ ಬರೆದ ಮೊದಲ ಮೆಸೇಜು ಅದು. ಮಾರನೇ ದಿನವೇ ಮತ್ತೆ ಸಿಹಿಯಾಗಿ ಬರೆದ. ಒಂದು ತರಬೇತಿ ಶಿಬಿರ ಇದೆ, ಬಾ, ಅಲ್ಲಿ ಎಲ್ಲ ಅರ್ಥ ಆಗುತ್ತೆ ಅಂದ. ಬಸ್ ಟಿಕೆಟ್ ಕಳಿಸಿದ.

ಗೆಳೆಯನಿಗೆ ಫೋನ್ ಮಾಡಿದ್ದು ನಾನೇ. ಆ ಫೋಟೋ ಕತ್ತರಿಸಿದ್ದನ್ನು ಅವನೂ ನೋಡಿದ್ದ. ತಮ್ಮ ಅವನನ್ನು ಬ್ಲಾಕ್ ಮಾಡಿದ್ದ. ನಾನು ಕ್ಷಮೆ ಕೇಳಿದಾಗ, "ಅಕ್ಕಾ, ಅವನು ನನಗೆ ಬೈದಿಲ್ಲ, ಮಾತು ಬಿಟ್ಟಿದಾನೆ ಅಷ್ಟೇ. ನಾನು ಬಿಟ್ಟಿಲ್ಲ" ಅಂದ. ಗಣಿತ ಅವನಿಗೆ ಚೆನ್ನಾಗಿ ಬರುತ್ತಿತ್ತು. ತಮ್ಮ ಫೇಲಾಗಿದ್ದ ಎರಡರಲ್ಲಿ ಒಂದು ಗಣಿತ. ಮುಂದಿನ ಭಾನುವಾರ ಹಾಸ್ಟೆಲಿಗೆ ಹೋಗಿ ಬಾಗಿಲು ತಟ್ಟಿದನಂತೆ. ತಮ್ಮ ತೆಗೆದು ನೋಡಿ ಮತ್ತೆ ಮುಚ್ಚಿದನಂತೆ. ಇವನು ಹೊರಗೆ ವರಾಂಡದಲ್ಲಿ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದನಂತೆ. ಮೂರನೇ ಭಾನುವಾರ ತಮ್ಮನೂ ಬಂದು ಪಕ್ಕ ಕೂತ.

ಟಿಕೆಟ್ ಇದ್ದದ್ದು ಗುರುವಾರ ರಾತ್ರಿ ಹತ್ತೂವರೆಯ ಬಸ್ಸಿಗೆ. ಶುಕ್ರವಾರ ಬೆಳಗ್ಗೆ ಗಣಿತದ ಮರುಪರೀಕ್ಷೆ. ಇದು ನನಗೆ ಗೊತ್ತಿರಲಿಲ್ಲ. ಗೆಳೆಯನಿಗೂ ಗೊತ್ತಿರಲಿಲ್ಲ. ತಮ್ಮ ಬ್ಯಾಗ್ ತುಂಬಿಕೊಂಡು ಮಂಚದ ಕೆಳಗೆ ತಳ್ಳಿಟ್ಟಿದ್ದ. ಒಂಬತ್ತಕ್ಕೆ ಗೆಳೆಯ ಕ್ಯಾಲ್ಕುಲೇಟರ್ ಹಿಡಿದುಕೊಂಡು ಬಂದ. ಇಬ್ಬರೂ ಲೆಕ್ಕ ಮಾಡುತ್ತಾ ಕೂತರು. ಹತ್ತೂವರೆಗೆ ನನ್ನ ಫೋನ್ ಹೋಯಿತು. "ಲೆಕ್ಕ ಮಾಡ್ತಾ ಇದೀವಿ ಅಕ್ಕಾ, ನಾಳೆ ಮಾತಾಡ್ತೀನಿ" ಅಂದು ಇಟ್ಟ. 12 ಸೆಕೆಂಡು. ನನ್ನ ಡೈರಿಯಲ್ಲಿ ಅಷ್ಟು ಚಿಕ್ಕ ಕರೆ ಇನ್ನೊಂದಿಲ್ಲ. ಬೇಜಾರಾಗಿ ಮಲಗಿದೆ. ರಾತ್ರಿ ಎರಡರವರೆಗೂ ಲೆಕ್ಕ ಮಾಡಿದರಂತೆ. ಅಷ್ಟು ಹೊತ್ತಿಗೆ ಬಸ್ಸು ಹೋಗಿ ಮೂರೂವರೆ ಗಂಟೆ ಆಗಿತ್ತು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆಮೇಲಿನ ಎಂಟು ತಿಂಗಳು ಅದಕ್ಕಿಂತ ಕಷ್ಟ. ಬೆದರಿಕೆ ಬಂದವು, ನಂಬರ್ ಬದಲಾಯಿಸಿದೆವು. ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ತಮ್ಮನೇ ಶಿಬಿರದ ವಿಷಯ, ಸಿಮ್ಮಿನ ವಿಷಯ ಎಲ್ಲ ಪೊಲೀಸರಿಗೆ ಹೇಳಿದ. ಯಾರದೋ ಜೀವಕ್ಕೆ ಅಪಾಯ ಇದೆ ಅನ್ನಿಸಿದ ಮೇಲೆ ಮುಚ್ಚಿಡುವುದಕ್ಕೆ ನಮಗೆ ಹಕ್ಕಿಲ್ಲ. ನಮ್ಮ ಪುಣ್ಯಕ್ಕೆ ಅವತ್ತು ಕೂತಿದ್ದ ಅಧಿಕಾರಿ ಪೂರ್ತಿ ಕೇಳಿಸಿಕೊಂಡರು.

ಆ ತಿಂಗಳುಗಳಲ್ಲಿ ತಮ್ಮ ಒಂದು ಸಲ ಹೇಳಿದ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. "ಅಲ್ಲಿ ನನಗೊಂದು ಕೆಲಸ ಇತ್ತು ಅಕ್ಕಾ. ಇಲ್ಲಿ ಎಲ್ಲರೂ ನನ್ನ ನೋಡ್ಕೋತಾ ಇದೀರಿ. ಯಾರಿಗೂ ನಾನು ಬೇಕಾಗಿಲ್ಲ." ಅರಿ ಕ್ರುಗ್ಲಾನ್‌ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ಇಂಥ ಹುಡುಗರ ಬಗ್ಗೆ ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ನಾನೂ ಲೆಕ್ಕಕ್ಕೆ ಬರುವ ಮನುಷ್ಯ ಅನ್ನಿಸಿಕೊಳ್ಳುವ ಹಸಿವು ಅದು. ಹಸಿವು ತಪ್ಪಲ್ಲ. ಉಪದೇಶದಿಂದ ಅದು ತುಂಬುವುದೂ ಇಲ್ಲ. ತಮ್ಮ ಪ್ರಥಮ ಚಿಕಿತ್ಸೆ ಕಲಿತ. ಈಗ ವಾರಕ್ಕೆ ಎರಡು ರಾತ್ರಿ ಆಂಬುಲೆನ್ಸ್ ಜೊತೆ ಹೋಗುತ್ತಾನೆ. ಗಾಯವಾದವರ ಧರ್ಮ ಕೇಳುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ನನ್ನ ಕ್ಲಾಸಿನಲ್ಲೂ ನಾನು ಬದಲಾದೆ. ಮೊದಲು ಯಾವ ಹುಡುಗನಾದರೂ ಬೇರೆ ಧರ್ಮದವರ ಬಗ್ಗೆ ಕೆಟ್ಟದಾಗಿ ಅಂದರೆ ಹೊರಗೆ ನಿಲ್ಲಿಸುತ್ತಿದ್ದೆ. ಈಗ "ಇದನ್ನು ಎಲ್ಲಿ ಕೇಳಿದೆ?" ಅಂತ ಕೇಳುತ್ತೇನೆ. ಹೇಳುತ್ತಾರೆ. ಬ್ರಿಟನ್ನಿನಲ್ಲಿ 2015ರಿಂದ ಇಂಥ ಒಲವು ಕಂಡ ಮಕ್ಕಳ ಬಗ್ಗೆ ಎಚ್ಚರ ವಹಿಸುವುದು ಶಾಲೆಗಳಿಗೆ ಕಾನೂನಿನ ಹೊಣೆ ಆಯಿತು. ಉದ್ದೇಶ ಒಳ್ಳೆಯದೇ. ಆದರೆ ಟೀಚರ್ ಅಂದರೆ ದೂರು ಕೊಡುವವರು ಅಂತ ಮಕ್ಕಳಿಗೆ ಅನ್ನಿಸಿದರೆ ಬಾಯಿ ಮುಚ್ಚುತ್ತಾರೆ ಅಂತ ಅಲ್ಲಿನ ಶಿಕ್ಷಕರೇ ಹೇಳಿದರು. ಬಾಯಿ ಮುಚ್ಚಿದ ಹುಡುಗನನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಕ್ಲಾಸಿನಲ್ಲಿ ತಪ್ಪು ಮಾತಾಡುವ ಹುಡುಗ ಇನ್ನೂ ನನ್ನ ಕೈಯಲ್ಲಿದ್ದಾನೆ. ನನಗೆ ಭಯ ಆಗುವುದು ಇದ್ದಕ್ಕಿದ್ದ ಹಾಗೆ ಮಾತು ಬಿಟ್ಟವನನ್ನು ಕಂಡರೆ.

ಇಷ್ಟು ಬರೆದು ತಮ್ಮನಿಗೆ ಓದಲು ಕೊಟ್ಟೆ. ಎರಡು ಸಲ ಓದಿದ. ಒಂದು ಕಡೆ "ನನ್ನ ತಮ್ಮನಿಗೆ ಮೋಸ ಮಾಡಿದರು" ಅಂತ ಬರೆದಿದ್ದೆ. ಅದನ್ನು ತೆಗಿ ಅಂದ.

"ಯಾಕೋ?"

"ಸಣ್ಣ ಗ್ರೂಪಿನಲ್ಲಿ ಒಂಬತ್ತು ಜನ ಅಂತ ಬರೆದಿದೀಯಲ್ಲ. ಒಂಬತ್ತನೆಯವನನ್ನು ಸೇರಿಸಿದ್ದು ನಾನು. ಆಗ ಅವನಿಗೆ ಹದಿನೈದು. ನಾನೂ ಅವನಿಗೆ ದಿನಾ ರಾತ್ರಿ ಮೆಸೇಜ್ ಮಾಡ್ತಿದ್ದೆ, ಹೇಗಿದೀಯ ತಮ್ಮಾ ಅಂತ. ಅದನ್ನೂ ಬರಿ."

ಆರು ವರ್ಷದಲ್ಲಿ ಇದನ್ನು ಅವನು ನನಗೆ ಹೇಳಿರಲಿಲ್ಲ.

ಆ ಹುಡುಗನಿಗೆ ಈಗ ಇಪ್ಪತ್ತೊಂದು. ಎಲ್ಲಿದ್ದಾನೆ ಅಂತ ತಮ್ಮನಿಗೆ ಗೊತ್ತಿದೆ. ಅವನ ಮನೆಯವರನ್ನು ಎರಡು ಸಲ ನೋಡಿ ಬಂದಿದ್ದಾನೆ. ಪ್ರತಿ ಭಾನುವಾರ ಸಂಜೆ ಅವನಿಗೆ ಫೋನ್ ಮಾಡುತ್ತಾನೆ. ಅವನು ಎತ್ತುವುದಿಲ್ಲ. ಆದರೆ ನಂಬರ್ ಬ್ಲಾಕ್ ಮಾಡಿಲ್ಲ, ರಿಂಗ್ ಆಗುತ್ತದೆ. ನಿನ್ನೆಯೂ ಮಾಡಿದ. ನಾನು ಪಕ್ಕದಲ್ಲೇ ಕೂತಿದ್ದೆ. ಪೂರ್ತಿ ರಿಂಗ್ ಆಗಿ ನಿಂತಿತು. ತಮ್ಮ ಫೋನ್ ಕೆಳಗಿಟ್ಟು, "ಮುಂದಿನ ವಾರ ಮಾಡ್ತೀನಿ" ಅಂದ.